ಗಂಟಿಲ್ಲದ ನೊಣ

ಈ ಸಂಗತಿಯನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಮೀನು ಹಿಡಿದವನಲ್ಲ, ತಿಂದವನೂ ಅಲ್ಲ. ಜಂಗಮರ ಮನೆಯಲ್ಲಿ ಹುಟ್ಟಿದ ನಾನು ಜೀವಂತ ಮೀನನ್ನು ಹತ್ತಿರದಿಂದ ನೋಡಿದ್ದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ. ನನ್ನ ಬರವಣಿಗೆ ರಾತ್ರಿ ಶಾಲೆಯಲ್ಲಿ ಕಲಿತದ್ದು. ಗಾಳದ ವಿಷಯ ಬಲ್ಲವರು ಓದಿದರೆ ಇಲ್ಲಿ ತಪ್ಪುಗಳು ಸಿಕ್ಕೇ ಸಿಗುತ್ತವೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಂದು ನಡೆದ ಎಡವಟ್ಟಿನಲ್ಲಿ ದೊಡ್ಡ ಪಾಲು ನನ್ನದು.

೧೯೬೧ರಲ್ಲಿ ನಾನು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಬಿಟ್ಟ ಮೇಲೆ ರಾತ್ರಿ ಶಾಲೆ ಶುರುವಾಗುವ ತನಕ ಒಂದು ತಾಸು ಉಳಿಯುತ್ತಿತ್ತು. ಆ ತಾಸನ್ನು ಸ್ಟೇಶನ್ ರಸ್ತೆಯ ಹುಸೇನಬಾಷಾ ಕಾಕಾ ಅವರ ಅಂಗಡಿಯಲ್ಲಿ ಕಳೆಯುತ್ತಿದ್ದೆ. ಕಾಕಾ ಕೊಡೆ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಎಡಗಡೆ ಒಂದು ಗಾಜಿನ ಕಪಾಟಿತ್ತು. ಅದರೊಳಗೆ ಗಾಳ, ದಾರ, ಬೆಂಡು, ಮತ್ತೆ ಸಾಹೇಬರು ‘ಫ್ಲೈ’ ಎನ್ನುತ್ತಿದ್ದ, ಕಾಕಾ ‘ನೊಣ’ ಎನ್ನುತ್ತಿದ್ದ ಸಾಮಾನು. ಸಣ್ಣ ಗಾಳಕ್ಕೆ ಗರಿ, ಎಳೆ, ಹೊಳೆಯುವ ಪಟ್ಟಿ ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ. ಅದನ್ನು ನೀರಿನ ಮೇಲೆ ಬೀಸಿದರೆ ಮೀನು ಮೋಸ ಹೋಗುತ್ತದೆ. ಕಾಕಾ ಅವನ್ನು ತಾವೇ ಕಟ್ಟಿ ಮಾರುತ್ತಿದ್ದರು. ಕಟ್ಟುವ ಸಾಮಗ್ರಿ ಮುಂಬಯಿಯಿಂದ ಬರುತ್ತಿತ್ತು: ಬಾತುಕೋಳಿಯ ಚಿತ್ರವಿದ್ದ ವಿಲಾಯತಿ ಪಾಕೀಟು, ಒಳಗೆ ನೈಲಾನ್ ಕೂದಲು, ಬೆಳ್ಳಿಯಂತಹ ಪ್ಲಾಸ್ಟಿಕ್ ಪಟ್ಟಿ, ಒಂದು ಇಂಗ್ಲಿಷ್ ಪುಸ್ತಿಕೆ. ಪುಸ್ತಿಕೆಯನ್ನು ಓದಿ ಅರ್ಥ ಹೇಳುವುದು ನನ್ನ ಕೆಲಸವಾಗಿತ್ತು.

ಆ ವರ್ಷ ಪಾಕೀಟು ಬರುವುದು ನಿಂತಿತು. ಪರದೇಶದ ಮಾಲಿಗೆ ಪರವಾನಗಿ ಸಿಗುತ್ತಿಲ್ಲವೆಂದು ಮುಂಬಯಿಯವರು ಕಾರ್ಡು ಬರೆದರು. ಕಳ್ಳದಾರಿಯಲ್ಲಿ ಬಂದದ್ದನ್ನು ಕೊಳ್ಳುವ ಶಕ್ತಿ ಕಾಕಾಗೆ ಇರಲಿಲ್ಲ. ಕಪಾಟು ಖಾಲಿಯಾಗುತ್ತ ಬಂತು. ಖಾಲಿ ಕಪಾಟನ್ನು ಕಾಕಾ ಅವರ ಹೆಂಡತಿ ಸಿತಾರಾ ಚಿಗವ್ವ ನೋಡಿದರು. ತಾವು ಮಾರುವ ಬಳೆ ಇಡಲು ಅವರಿಗೆ ಬಹಳ ದಿನದಿಂದ ಒಂದು ಗಾಜಿನ ಕಪಾಟು ಬೇಕಾಗಿತ್ತು.

ಕಾಕಾಗೆ ಕೊಡೆಯ ಕೆಲಸ ಹೊಟ್ಟೆಪಾಡು, ಕಪಾಟು ಜೀವ. ಅವರ ತಂದೆ ಬ್ರಿಟಿಷರ ಕಾಲದಲ್ಲಿ ಇಟ್ಟದ್ದು. ಹೀಗಾಗಿ ಗಂಡ ಹೆಂಡಿರ ನಡುವೆ ಒಂದು ಕರಾರಾಯಿತು. ಡಿಕ್ರೂಜ್ ಸಾಹೇಬರೆಂದು ರಿಟಾಯರ್ ಆದ ಎಂಜಿನ್ ಡ್ರೈವರ್ ಒಬ್ಬರು ಕಾಕಾರ ಹಳೆಯ ಗಿರಾಕಿ. ದೀಪಾವಳಿಯ ನಂತರ ಗೆಳೆಯರ ಜೊತೆ ದಾಂಡೇಲಿಯ ಕಡೆ ಮೀನು ಹಿಡಿಯಲು ಹೋಗುವವರಿದ್ದರು. ಅದಕ್ಕೆ ಮೊದಲು ಒಂದು ರವಿವಾರ ಧಾರವಾಡದ ಕೆಲಗೇರಿ ಕೆರೆಯಲ್ಲಿ ಕಾಕಾರ ಹೊಸ ನೊಣಗಳನ್ನು ಪರೀಕ್ಷೆ ಮಾಡಲು ಒಪ್ಪಿದರು. ಅಗ್ಗದ ಸಾಮಾನಿನಿಂದ ಕಟ್ಟಿದ ನೊಣಕ್ಕೆ ಮೀನು ಬಿದ್ದರೆ ಕಪಾಟು ಕಾಕಾರದು, ಇಲ್ಲವಾದರೆ ಸೋಮವಾರದಿಂದ ಬಳೆಗಳದು.

ಸಾಹೇಬರ ಬಾಯಿಮಾತು ನಡೆಯುವುದಿಲ್ಲ ಎಂದು ಚಿಗವ್ವ ನನ್ನ ಕಡೆ ತಿರುಗಿ ಹೇಳಿದರು.

“ಅವರು ದಾಕ್ಷಿಣ್ಯದ ಮನುಷ್ಯಾರು. ಇವರ ಮಾರಿ ನೋಡಿ, ಬಿತ್ತು ಅಂತಾರ. ಮೀನ ನನ್ನ ಕಣ್ಣಿಗೆ ಕಾಣಬೇಕು, ಅಯ್ಯನವರ. ಬಾಲ ಸೈತ.”

ನಾನು ಒಪ್ಪಿಕೊಂಡೆ. ನನ್ನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಸಾಮಾನು ಹುಡುಕಿದ ಆ ಮೂರು ವಾರ ನನ್ನ ಜೀವನದ ಸುಖದ ದಿನಗಳು. ನೈಲಾನ್ ಕೂದಲಿನ ಬದಲು ಟಾಂಗಾ ಕುದುರೆಯ ಬಾಲದ ಕೂದಲು ಸಿಕ್ಕಿತು. ಟಾಂಗಾದ ಹುಚ್ಚಪ್ಪ ಅದನ್ನು ಪುಕ್ಕಟೆ ಕೊಟ್ಟ, ಆದರೆ ನೀವೇ ಕಿತ್ತುಕೊಳ್ಳಿರಿ ಎಂದ. ಕಾಕಾ ಮುಂದೆ ನಿಂತು ಕುದುರೆಗೆ ಬೆಲ್ಲ ತಿನ್ನಿಸಿದರು, ನಾನು ಹಿಂದೆ ನಿಂತು ಕಿತ್ತೆ. ದೇವರ ದಯೆ, ಅದು ವಯಸ್ಸಾದ ಕುದುರೆ. ಮೈಗೆ ಸುತ್ತುವ ಮೆತ್ತನೆಯ ಎಳೆಗೆ ಹಳೆಯ ಕರಿ ಕಂಬಳಿಯನ್ನು ಬಿಚ್ಚಿದೆವು. ಹತ್ತಿಯನ್ನು ಬಳಸೋಣ ಎಂದು ನಾನು ಸೂಚಿಸಿದ್ದೆ, ಅದು ನೀರು ಕುಡಿದು ಮುದ್ದೆಯಾಯಿತು. ಗರಿಗೆ ಬೆಂಗೇರಿಯ ಸಂತೆಯಿಂದ ಕೆಂಪು ಹುಂಜದ ಕುತ್ತಿಗೆಯ ಪುಕ್ಕ ಬಂತು. ಬೆಳ್ಳಿಯ ಪಟ್ಟಿ ಮಾತ್ರ ಸಿಗಲಿಲ್ಲ. ಸಿಗರೇಟು ಪಾಕೀಟಿನ ತಗಡಿನ ಕಾಗದ ಹರಿಯಿತು, ಚಹದ ಡಬ್ಬಿಯದು ಮುರಿಯಿತು. ಕಡೆಗೆ ನನಗೆ ಹಳೆಯ ಸೀರೆಯ ಜರಿ ನೆನಪಾಯಿತು. ಜರಿ ಎಂದ ಕೂಡಲೇ ನಮ್ಮ ಕಾಳವ್ವ ಅತ್ತೆ ನೆನಪಾದರು.

ಅತ್ತೆ ನಮ್ಮ ತಂದೆಯ ಅಕ್ಕ. ನನ್ನನ್ನು ಸಾಕಿದವರು ಅವರೇ. ಕಸೂತಿಯಲ್ಲಿ ಓಣಿಗೆಲ್ಲ ಹೆಸರಾದವರು. ಜರಿಯ ನವಿರು ಎಳೆ ಕಾಕಾರ ಕೈಗೆ ಒಗ್ಗುವಂತಿರಲಿಲ್ಲ, ನೊಣ ಕಟ್ಟಿಸುವುದೂ ಅತ್ತೆಯಿಂದಲೇ ಎಂದುಕೊಂಡೆ. ಅವರಿಗೆ ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಸಾಹೇಬರ ಟೊಪ್ಪಿಗೆಗೆ ಚುಚ್ಚುವ ಅಲಂಕಾರ ಎಂದು ಹೇಳಿ ಗಾಳವನ್ನು ಅವರ ಮುಂದಿಟ್ಟೆ. ಅತ್ತೆ ಗಾಳದ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಟೊಪ್ಪಿಗಿಗೆ ಇಷ್ಟ ಚೂಪ ಯಾಕ ಬೇಕೋ ತಮ್ಮಾ? ಗಾಳಿಗೆ ಹಾರ್ತದೇನು?”

ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ಗಾಳವನ್ನು ಬೆಳಕಿಗೆ ಹಿಡಿದು, ಖರೇ ಹುಳುವನ್ನು ಚುಚ್ಚುವುದಕ್ಕಿಂತ ಇದು ಅಷ್ಟು ಕೆಟ್ಟದ್ದಲ್ಲ ಎಂದರು. ಆದರೆ ಒಂದು ಮಾತು ತೆಗೆದುಕೊಂಡರು. ತನ್ನ ಕೈಯಿಂದ ಕಟ್ಟಿದ್ದಕ್ಕೆ ಬೀಳುವ ಮೊದಲನೆಯ ಮೀನನ್ನು ತಿರುಗಿ ನೀರಿಗೆ ಬಿಡಬೇಕು. ಮುಂದಿನದು ಹಿಡಿದವರ ಕರ್ಮ. ನಾನು ಇಷ್ಟಲಿಂಗ ಮುಟ್ಟಿ ಮಾತು ಕೊಟ್ಟೆ. ಚಿಗವ್ವನ ಕರಾರು ಆ ಕ್ಷಣ ನನ್ನ ತಲೆಯಲ್ಲಿ ಇರಲೇ ಇಲ್ಲ.

ಅತ್ತೆ ಕಟ್ಟಿದ ನೊಣಗಳು ಪಾಕೀಟಿನ ಚಿತ್ರಕ್ಕಿಂತ ಚೆಂದ ಇದ್ದವು. ಹಿಂದೆ ಕುದುರೆ ಕೂದಲಿನ ಬಾಲ, ಕಂಬಳಿಯ ಎಳೆಯ ಮೇಲೆ ಜರಿ, ಅದರ ಮುಂದೆ ಹುಂಜದ ಪುಕ್ಕ, ಕೊನೆಗೆ ಕಸೂತಿಯ ರೇಷ್ಮೆ ದಾರದ ಸುತ್ತು. ಆದರೆ ಎಲ್ಲಿಯೂ ಗಂಟಿಲ್ಲ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯೇ ಇಲ್ಲ. ದಾರದ ತುದಿಯನ್ನು ಅದೇ ದಾರದ ಸುತ್ತುಗಳ ಕೆಳಗೆ ತೂರಿಸಿ ಎಳೆದು ಬಿಡುತ್ತಾರೆ. ಬಿಚ್ಚಿಕೊಂಡರೆ ಏನು ಗತಿ ಎಂದು ಕೇಳಿದೆ. ನಾನು ಮದುವೆಯಲ್ಲಿ ಉಟ್ಟ ಸೀರೆಯ ಕಸೂತಿ ಇನ್ನೂ ಬಿಚ್ಚಿಲ್ಲ, ನಿನ್ನ ಮೀನು ಅದನ್ನು ಎಳೆದಾಡಿದ ನನ್ನ ನಾದಿನಿಗಿಂತ ಜೋರೇನು ಎಂದು ಅತ್ತೆ ಕೇಳಿದರು.

ನನಗೆ ನಿದ್ದೆ ಬರಲಿಲ್ಲ. ಕಣ್ಣಿಗೆ ಕಾಣುವ ಗಂಟು ಇಲ್ಲದ ವಸ್ತುವನ್ನು ನಂಬುವುದು ಹೇಗೆ? ಪುಸ್ತಿಕೆಯಲ್ಲಿ ಕೊನೆಗೆ ವಾರ್ನಿಶ್ ಹಚ್ಚಬೇಕೆಂದು ಬರೆದಿತ್ತು. ಶನಿವಾರ ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಹನ್ನೆರಡು ನೊಣಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕಾಗದಕ್ಕೆ ಚುಚ್ಚುವ ಟಾಚಣಿಯಿಂದ ಅತ್ತೆ ತೂರಿಸಿದ ತುದಿಯನ್ನು ಹೊರಗೆಳೆದು, ಒಂದೊಂದಕ್ಕೂ ಒಂದು ಒಳ್ಳೆಯ ಗಂಟು ಹಾಕಿ, ಉಳಿದ ದಾರವನ್ನು ನೀಟಾಗಿ ಕತ್ತರಿಸಿ, ಮೇಲೆ ಅಂಟಿನ ಬಾಟಲಿಯಿಂದ ಅಂಟು ಹಚ್ಚಿದೆ. ಒಣಗಿದ ಮೇಲೆ ಕಲ್ಲಿನಂತಾದವು. ನನಗೆ ನನ್ನ ಬಗ್ಗೆ ಅಪರೂಪಕ್ಕೆ ಹೆಮ್ಮೆ ಎನಿಸಿತು.

ರವಿವಾರ ನಸುಕಿನಲ್ಲಿ ಹೊರಡುವಾಗ ಅತ್ತೆ ಇನ್ನೆರಡು ನೊಣ ಕಟ್ಟಿ ಕೊಟ್ಟರು. ಅವನ್ನು ತಿದ್ದಲು ನನಗೆ ಸಮಯ ಸಿಗಲಿಲ್ಲ. ಹಾಗೇ ಕಾಗದದಲ್ಲಿ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡೆ.

ಕೆಲಗೇರಿಯಲ್ಲಿ ಬಿಸಿಲು ಇನ್ನೂ ಎಳೆಯದಾಗಿತ್ತು. ಡಿಕ್ರೂಜ್ ಸಾಹೇಬರು ನನ್ನ ಕಲ್ಲಿನಂತಹ ನೊಣವನ್ನು ಮೆಚ್ಚಿ, ದಾರಕ್ಕೆ ಕಟ್ಟಿ ಬೀಸಿದರು. ಎರಡು ಸಲ ಬೀಸುವಷ್ಟರಲ್ಲಿ ಅಂಟು ಕರಗಿತು. ಲಕೋಟೆಗೆ ಹಚ್ಚುವ ಅಂಟು ನೀರಿನಲ್ಲಿ ಕರಗುತ್ತದೆ ಎಂಬುದನ್ನು ದಿನವೂ ಅದನ್ನು ಒದ್ದೆ ಮಾಡುವ ಗುಮಾಸ್ತನೇ ಮರೆತಿದ್ದ. ಅಂಟು ಹೋದ ಮೇಲೆ ಜಾರುವ ರೇಷ್ಮೆಯಲ್ಲಿ, ತೀರ ಹತ್ತಿರ ಕತ್ತರಿಸಿದ ಗಂಟು ನಿಲ್ಲಲಿಲ್ಲ. ಪುಕ್ಕ ಒಂದು ಕಡೆ ತೇಲಿತು, ಜರಿ ಇನ್ನೊಂದು ಕಡೆ. ಎರಡನೆಯದೂ ಹಾಗೇ ಆಯಿತು, ಮೂರನೆಯದೂ. ಹನ್ನೆರಡೂ ಮುಗಿಯುವ ಹೊತ್ತಿಗೆ ಕೆರೆಯ ಅಂಚಿನಲ್ಲಿ ಒಂದು ಹುಂಜ ಬಿಚ್ಚಿ ಹಾಕಿದಂತಿತ್ತು.

ನಾನು ತಪ್ಪೊಪ್ಪಿಕೊಂಡೆ. ಕಾಕಾ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕಪಾಟಿನ ಕೀಲಿಕೈಯನ್ನು ಅಂಗಿಯ ಮೇಲಿಂದ ಮುಟ್ಟಿ ನೋಡಿಕೊಂಡರು, ಅಷ್ಟೇ. ಆಗ ಕಿಸೆಯಲ್ಲಿದ್ದ ಎರಡನ್ನು ತೆಗೆದು ಕೊಟ್ಟೆ. ಒಂದು ದಂಡೆಯ ಜಾಲಿಯ ಗಿಡಕ್ಕೆ ಸಿಕ್ಕಿಹಾಕಿಕೊಂಡಿತು. ಇನ್ನೊಂದನ್ನು ಸಾಹೇಬರು ಬೀಸಿದರು. ಒಂದು ಸಲ, ಐದು ಸಲ, ಹತ್ತು ಸಲ. ದಾರದ ಒಂದು ಎಳೆಯೂ ಅಲುಗಲಿಲ್ಲ. ಹನ್ನೊಂದನೆಯ ಸಲ ನೀರು ಚಿಮ್ಮಿತು.

ಅಂಗೈಯಷ್ಟು ಉದ್ದದ, ಬೆಳ್ಳಗಿನ ಮೀನು. ಕಾಕಾ ಅದನ್ನು ಒದ್ದೆ ಕೈಯಲ್ಲಿ ಹಿಡಿದು ಮಗುವಿನ ಹಾಗೆ ನಕ್ಕರು. ಡಬ್ಬಿಯಲ್ಲಿ ನೀರು ತುಂಬಿರಿ, ಜೀವಂತವಾಗಿಯೇ ಒಯ್ಯೋಣ ಎಂದರು. ಅತ್ತೆಯ ಮಾತು ನನಗೊಬ್ಬನಿಗೇ ಗೊತ್ತಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹೇಳಿದೆ. ಬಹಳ ಸಣ್ಣ ದನಿಯಲ್ಲಿ ಹೇಳಿದೆ, ಕಾಕಾ ಎರಡನೆಯ ಸಲ ಕೇಳಬೇಕಾಯಿತು.

“ಅತ್ತಿಯವರಿಗೆ ಮಾತ ಕೊಟ್ಟೀರೇನು?”

“ಕೊಟ್ಟೇನ್ರಿ ಕಾಕಾ. ಲಿಂಗ ಮುಟ್ಟಿ.”

ಕಾಕಾ ಮೀನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಗಿ ಕೈಯನ್ನು ನೀರಿನೊಳಗೆ ಇಳಿಸಿದರು.

“ಹೋಗಪಾ. ನಮ್ಮ ಮನಿಯಾಕಿಗೆ ನಿನ್ನ ಬಾಲ ನೋಡೂ ಹಣೇಬರಾ ಇಲ್ಲ.”

ಮಧ್ಯಾಹ್ನದ ತನಕ ಬೀಸಿದರೂ ಎರಡನೆಯ ಮೀನು ಬರಲಿಲ್ಲ. ಬಿಸಿಲೇರಿದರೆ ಅವು ಆಳಕ್ಕೆ ಹೋಗುತ್ತವೆ ಎಂದರು ಸಾಹೇಬರು. ಇಂಥ ನೊಣ ನಾಲ್ಕು ಡಜನ್ ಬೇಕು, ಗುಮಾಸ್ತರ ಕೈ ತಾಗದಿರಲಿ ಎಂದು ಹೇಳಿ ಧಾರವಾಡದಲ್ಲಿಯೇ ಉಳಿದರು.

ನಾವಿಬ್ಬರೂ ಖಾಲಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಮರಳಿದೆವು. ಸಿತಾರಾ ಚಿಗವ್ವ ಆಗಲೇ ಅಂಗಡಿಯಲ್ಲಿದ್ದರು. ಒಂದು ಬುಟ್ಟಿ ಬಳೆಯೂ ಅವರ ಜೊತೆಗಿತ್ತು. ಡಬ್ಬಿಯೊಳಗೆ ಇಣುಕಿ ನೋಡಿ ನನ್ನ ಕಡೆ ತಿರುಗಿದರು. ಕಾಕಾ ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಅಂಟಿನ ಬಾಟಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ: ಗಂಟು, ತೇಲಿದ ಪುಕ್ಕ, ಜಾಲಿಯ ಗಿಡ, ಮೀನು, ಅತ್ತೆಗೆ ಕೊಟ್ಟ ಮಾತು. ಹೇಳುತ್ತಿದ್ದಂತೆ ಇದು ಎಷ್ಟು ಸುಳ್ಳಿನಂತೆ ಕೇಳಿಸುತ್ತಿದೆ ಎಂದು ನನಗೇ ನಾಚಿಕೆಯಾಯಿತು. ಸಿಕ್ಕ ಒಂದೇ ಮೀನನ್ನು ಬಿಟ್ಟು ಬಂದೆವು ಎಂದರೆ ಯಾರು ನಂಬುತ್ತಾರೆ?

ಚಿಗವ್ವ ಕೊನೆಯ ತನಕ ಕೇಳಿದರು. “ಹನ್ನೆರಡಕ್ಕೂ ಗಂಟ ಹಾಕಿದ್ರ್ಯಾ?” ಎಂದರು.

“ಹೌದ್ರಿ. ಹನ್ನೆರಡಕ್ಕೂ.”

ಅವರು ನಗತೊಡಗಿದರು. ಕುರ್ಚಿ ಹಿಡಿದುಕೊಂಡು ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಬಳೆಯ ಬುಟ್ಟಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಬೀಗರ ಮನೆಗೆ ಬಳೆ ತೋರಿಸಲು ಹೋಗುವುದಿದೆ ಎಂದು ಹೊರಟುಹೋದರು. ಕಪಾಟಿನ ಮಾತನ್ನು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಕಾಳವ್ವ ಅತ್ತೆ ಆ ವಾರವೇ ಸಾಹೇಬರ ನಾಲ್ಕು ಡಜನ್‌ಗೆ ಕುಳಿತರು, ನನ್ನನ್ನು ಆ ಕೋಣೆಗೆ ಬಿಡಲಿಲ್ಲ.

ಸಿತಾರಾ ಚಿಗವ್ವ ಆ ಮೀನನ್ನು ನಂಬಿದರೋ, ಇಲ್ಲವೇ ಗಂಡನ ಮುಖ ನೋಡಿ ನಂಬಿದಂತೆ ಇದ್ದರೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.