ಕೂತವರ ಗುರುತು

"ದೇವ್ರು ಕಣ್ಣು ಕೊಟ್ಟಿದ್ದು ಎಂತಕ್ಕೆ, ಕಾಡಿಗೆ ಹಚ್ಕಳಕ್ಕಾ? ಆರು ನಿಮಿಷ ಆತು, ಆ ಹೆಂಗ್ಸು ಗೋಡೆಗೆ ಒರಗಿ ಕೂತಿದಾಳೆ! ಸತ್ತುಹೋದ್ರೆ ನಿನ್ನಪ್ಪ ಬರ್ತಾನಾ ಎತ್ತಕ್ಕೆ? ಸಗಣಿ ಹೊರೋ ಕೈಗೆ ಕಂಪ್ಯೂಟರ್ ಕೊಟ್ಟೆ ನೋಡು, ನನ್ ಬುದ್ಧಿಗೆ ಮಂಕು ಕವಿದಿತ್ತು."

ನಮ್ಮ ಆಫೀಸು ನಡೆಸುವ ಪವನ್ ಹೀಗೆ ಕೂಗಾಡಿದ್ದು ಭೂಮಿಕಾಳ ಮೇಲೆ. ಭೂಮಿಕಾ ನನ್ನ ಚಿಕ್ಕಪ್ಪನ ಮಗಳು, ಗಂಡನನ್ನು ಬಿಟ್ಟು ಮೂರು ವರ್ಷದ ಕೂಸಿನ ಜೊತೆ ತವರಿಗೆ ಬಂದವಳು. ನನ್ನ ಪಕ್ಕದ ಕುರ್ಚಿಯೇ ಅವಳದು. ಅವಳು ತಲೆ ಎತ್ತಲಿಲ್ಲ. ಕೋಣೆಯಲ್ಲಿ ಹನ್ನೆರಡು ಜನ ಹುಡುಗಿಯರಿದ್ದೆವು, ಎಲ್ಲರೂ ತಂತಮ್ಮ ಪರದೆಗೆ ಕಣ್ಣು ನೆಟ್ಟೆವು.

"ರಕ್ಷಿತಾನ ನೋಡಿ ಕಲಿ," ಎಂದು ನನ್ನ ಕುರ್ಚಿಯ ಬೆನ್ನಿಗೆ ತಟ್ಟಿದ. "ಕೂರೋ ಮೊದ್ಲೇ ಗೊತ್ತಾಗ್ತದೆ ಇವ್ಳಿಗೆ."

ನನಗೆ ಹೆಮ್ಮೆಯಾಯಿತು. ಮುಚ್ಚಿಟ್ಟು ಏನು ಮಾಡಲಿ, ಹೆಮ್ಮೆಯೇ ಆಯಿತು.

ಆಫೀಸು ಇರುವುದು ಸಿದ್ದಾಪುರ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾನೂ ಭೂಮಿಕಾಳೂ ದಿನಾ ಕೋಲಸಿರ್ಸಿಯಿಂದ ಬಸ್ಸಿಗೆ ಬರುತ್ತೇವೆ. ಕೆಲಸ ಕೊಟ್ಟ ಧಣಿ ಮಾತ್ರ ಹಾಲೆಂಡಿನಲ್ಲಿದ್ದಾನೆ. ಅಲ್ಲೊಂದು ದೊಡ್ಡ ಶೆಡ್ಡು. ಟೊಮೆಟೊ ಆರಿಸಿ ಪೆಟ್ಟಿಗೆಗೆ ತುಂಬುವ ಹೆಂಗಸರು, ಅವರೂ ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರೇ. ಶೆಡ್ಡಿನ ತುಂಬ ಕ್ಯಾಮೆರಾ. ಆ ಚಿತ್ರ ನಮ್ಮ ಪರದೆಗೆ ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿನಲ್ಲಿ ಯಾರಾದರೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೂತರೆ ಮೌಸ್ ಒತ್ತಿ ಅವರ ತಲೆಯ ಮೇಲೊಂದು ಕೆಂಪು ಗುರುತು ಹಾಕಬೇಕು. ಇಷ್ಟೇ ನಮ್ಮ ಕೆಲಸ.

ಗುರುತು ಯಾತಕ್ಕೆ ಎಂದು ಮೊದಲ ದಿನವೇ ಕೇಳಿದ್ದೆ.

"ಅವ್ರ ಆರೋಗ್ಯಕ್ಕೆ ಮಾರಾಯ್ತಿ," ಎಂದಿದ್ದ ಪವನ್. "ಫಾರಿನ್‌ನೋರು ನಮ್ಮಂಗಲ್ಲ. ಕೂಲಿಯೋರು ಸುಸ್ತಾದ್ರೆ ನರ್ಸ್ ಕಳಿಸ್ತಾರೆ, ರೆಸ್ಟ್ ಕೊಡ್ತಾರೆ. ನೀನು ಒಂದ್ಸಲ ಒತ್ತಿದ್ರೆ ಒಬ್ಬಳ ಪುಣ್ಯ ಕಟ್ಕಂಡಂಗೆ."

ನಂಬಿದೆ. ನನ್ನ ಅವ್ವ ಗಂಗೆ ಮೂವತ್ತು ವರ್ಷ ಈ ಪವನ್‌ನ ಅಪ್ಪನ ಗದ್ದೆಯಲ್ಲಿ ಭತ್ತದ ನಟ್ಟಿ ಮಾಡಿದವಳು. ನಾನು ಆ ಗದ್ದೆಯ ಅಂಚಿನ ಮೇಲೇ ಬೆಳೆದೆ. ಸೊಂಟ ಸೋತ ಹೆಂಗಸು ಮೊದಲು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತಾಳೆ. ಬೆವರಿಲ್ಲದಿದ್ದರೂ ಮುಂಗೈಯಿಂದ ಹಣೆ ಒರೆಸುತ್ತಾಳೆ. ಸುತ್ತ ಒಮ್ಮೆ ನೋಡುತ್ತಾಳೆ. ಕೂರುವುದು ಆಮೇಲೆ. ಇದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಪೆಟ್ಟಿಗೆಗಳ ಮರೆಗೆ ಕೂತವರನ್ನೂ ನಾನು ಬಿಡುತ್ತಿರಲಿಲ್ಲ. ಪಾಪ, ಸುಸ್ತೆಂದು ಹೇಳಿಕೊಳ್ಳಲು ನಾಚಿಕೆ ಇರಬೇಕು ಎಂದುಕೊಂಡು ಒತ್ತುತ್ತಿದ್ದೆ.

ತಲೆಗೆ ಹಳದಿ ಬಟ್ಟೆ ಕಟ್ಟಿದವಳೊಬ್ಬಳಿದ್ದಳು. ಅವಳು ಬಸುರಿ ಎಂಬುದು ಅಲ್ಲಿ ಯಾರಿಗೆ ಗೊತ್ತಿತ್ತೋ ಇಲ್ಲವೋ, ನಡಿಗೆ ನೋಡಿಯೇ ನನಗೆ ಗೊತ್ತಾಗಿತ್ತು. ಮೂರು ದಿನ ತಪ್ಪದೆ ಗುರುತು ಹಾಕಿದೆ. ನಾಲ್ಕನೇ ದಿನ ಅವಳು ಬರಲಿಲ್ಲ. ರಜೆ ಕೊಟ್ಟಿರಬೇಕು ಎಂದು ಅವ್ವನ ಹತ್ತಿರ ಹೇಳಿಕೊಂಡೆ.

"ಒಳ್ಳೇದಾತು ಮಗ," ಎಂದಳು ಅವ್ವ. "ನಮ್ ಕಾಲ್ದಾಗೆ ಯಾರಿದ್ರು ಹಂಗೆ ನೋಡೋರು."

ಇದಾಗಿ ಎರಡು ತಿಂಗಳಿಗೆ ನನಗೆ ಸನ್ಮಾನ, ಬಹುಮಾನಕ್ಕೆ ಒಂದು ಕುಕ್ಕರ್. ವರ್ಷದಲ್ಲಿ ಹೆಚ್ಚು ಗುರುತು ಹಾಕಿದವಳು ನಾನೇ ಅಂತೆ. ಅವ್ವನನ್ನೂ ಕರೆದುಕೊಂಡು ಬಾ ಎಂದಿದ್ದ ಪವನ್. "ಹೊಸ ಸೀರೆ ಎಂತ ಬ್ಯಾಡ, ಕೆಲ್ಸದ ಸೀರೇಲೇ ಬರ್ಲಿ. ಫಾರಿನ್‌ನೋರಿಗೆ ಅದೇ ಇಷ್ಟ." ಅವ್ವ ಇದ್ದುದರಲ್ಲಿ ಒಳ್ಳೆಯದನ್ನೇ ಉಟ್ಟು ಬಂದಳು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಳು. ಒಡೆಯರ ಮಗನ ಎದುರು ಕುರ್ಚಿಯಲ್ಲಿ ಕೂರಲಿಲ್ಲ, ಅವನೂ ಕೂರು ಎನ್ನಲಿಲ್ಲ.

ಹುಡುಗಿಯರೆಲ್ಲರ ಎದುರು, ಗೋಡೆಯ ಟಿವಿಯಲ್ಲಿ ಹಾಲೆಂಡಿನ ಸಾಹೇಬ ಕಾಣಿಸಿಕೊಂಡ. ನಗುಮುಖ, ಕೈಯಲ್ಲಿ ಕಾಫಿ ಲೋಟ. ನಾನು ಬಿ.ಕಾಂ. ಓದಿದವಳು. ನಿಧಾನಕ್ಕೆ ಆಡಿದರೆ ಇಂಗ್ಲಿಷ್ ತಿಳಿಯುತ್ತದೆ, ಹರಕುಮುರುಕು ಆಡಲೂ ಬರುತ್ತದೆ. ಅವನು ನನ್ನನ್ನು ಹೊಗಳಿ ಮುಗಿಸುವಷ್ಟರಲ್ಲಿ ನಾನೇ ಬಾಯಿ ಹಾಕಿದೆ. ಹಳದಿ ಬಟ್ಟೆಯವಳು ಈಗ ಹೇಗಿದ್ದಾಳೆ, ಹೆರಿಗೆ ಆಯಿತೇ ಎಂದು ಕೇಳಿದೆ.

ಸಾಹೇಬ ಏನೋ ಹುಡುಕಿ ನೋಡಿದ.

"ಅವಳನ್ನು ಕೆಲಸದಿಂದ ತೆಗೆದೆವು. ಮೂರು ಗುರುತು ಬಿದ್ದರೆ ತೆಗೆಯುವುದು ನಿಯಮ," ಎಂದ ಇಂಗ್ಲಿಷಿನಲ್ಲಿ, ಬಹಳ ಸಲೀಸಾಗಿ. "ನಿನ್ನ ಗುರುತಿನಿಂದಲೇ ಈ ವರ್ಷ ನಲವತ್ತೊಂದು ಸೋಮಾರಿಗಳು ಹೊರಗೆ ಹೋದರು. ನಿನ್ನಂಥ ಕಣ್ಣು ಇಲ್ಲಿ ಯಾರಿಗೂ ಇಲ್ಲ."

"ಎಂತ ಅಂದ್ರು ಒಡೇರೇ?" ಅವ್ವ ಪವನ್‌ನನ್ನು ಕೇಳಿದಳು.

"ನಿನ್ ಮಗಳು ನಲವತ್ತೊಂದು ಜನಕ್ಕೆ ಉಪಕಾರ ಮಾಡಿದಾಳಂತೆ, ಗಂಗೆ. ಕೈ ಮುಗಿ ಅವ್ರಿಗೆ."

ಅವ್ವ ಟಿವಿಗೆ ಕೈ ಮುಗಿದಳು. ಸಾಹೇಬನೂ ಖುಷಿಯಿಂದ ತಿರುಗಿ ಕೈ ಮುಗಿದ.

ಟಿವಿ ಆರಿತು.

"ಉಪಕಾರ ಅಲ್ಲ ಅವ್ವ. ನಾನ್ ಒತ್ತಿದ್ದಕ್ಕೆ ಅಷ್ಟೂ ಜನರನ್ನ ಕೆಲ್ಸದಿಂದ ಓಡ್ಸಿದಾರೆ. ಆ ಬಸ್ರಿನೂ." ಪವನ್ ಕಡೆ ತಿರುಗಿದೆ. "ನರ್ಸ್ ಬರ್ತಾಳೆ ಅಂದಿದ್ರಿ. ರೆಸ್ಟ್ ಕೊಡ್ತಾರೆ ಅಂದಿದ್ರಿ."

"ನಿಜ ಹೇಳಿದ್ರೆ ಒತ್ತತಿದ್ಯಾ ನೀನು?" ಎಂದ ಅವನು, ಮುಖದ ಒಂದು ಗೆರೆಯೂ ಕದಲಲಿಲ್ಲ. "ಕೂಲಿಯೋರ ಕಳ್ಳಾಟ ಕೂಲಿಯೋರ ಮಕ್ಳಿಗೇ ಗೊತ್ತಿರ್ತದೆ. ಅದಕ್ಕೇ ನಿಮ್ಮನ್ನ ಆರ್ಸಿದ್ದು. ಇಲ್ದಿದ್ರೆ ಊರಾಗೆ ಓದಿದೋರಿಗೆ ಬರಗಾಲ ಬಂದಿತ್ತಾ? ಸಾಕು, ತಗ, ಕುಕ್ಕರ್ ತಗಂಡು ಹೋಗು ಗಂಗೆ."

ಅವ್ವ ಕುಕ್ಕರ್ ಮುಟ್ಟಲಿಲ್ಲ. ಅವನನ್ನು ನೋಡಲೂ ಇಲ್ಲ. ನನ್ನನ್ನೇ ನೋಡಿದಳು.

"ನಟ್ಟಿ ಮಾಡ್ತಾ ಯಾರಾರೂ ಸೋತು ಹಿಂದುಳಿದ್ರೆ, ಎಡಕ್ಕೆ ಬಲಕ್ಕೆ ಇದ್ದೋರು ಅವ್ಳ ಸಾಲ್ನಾಗೆ ನಾಕು ಸಸಿ ಊರಿ ಕೊಡ್ತಿದ್ವಿ. ಒಡೇರಿಗೆ ಗೊತ್ತೇ ಆಗ್ತಿರ್ಲಿಲ್ಲ. ನೀ ಹೊಟ್ಟೆಲಿದ್ದಾಗ ನನ್ ಸಾಲೂ ಹಂಗೇ ತುಂಬ್ಸಿದ್ರು. ಕೂತೋಳನ್ನ ತೋರ್ಸಿಕೊಟ್ಟೋಳ ಮನೆ ನೀರೂ ಮುಟ್ತಿರ್ಲಿಲ್ಲ ಕಣೆ ನಾವು."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಬಾ ಎಂದು ನನ್ನನ್ನು ಕರೆಯಲಿಲ್ಲ.

ಇವನಪ್ಪ ಅವ್ವನ ಸೊಂಟ ತಿಂದ, ಇವನು ನನ್ನ ಕಣ್ಣು ತಿಂದ. ನಾನೂ ತಿನ್ನಲು ಕೊಟ್ಟೆನಲ್ಲ, ಹೆಮ್ಮೆಪಟ್ಟುಕೊಂಡು!

"ಮಂಗಳಾರತಿ ಮುಗೀತಲ್ಲ, ಕೂರಿ ಎಲ್ಲಾ," ಎಂದ ಪವನ್.

ಎದ್ದು ಹೋಗಬಹುದಿತ್ತು. ಹೋದರೆ ನಾಳೆ ಇದೇ ಕುರ್ಚಿಗೆ ಇನ್ನೊಬ್ಬಳು ಬರುತ್ತಾಳೆ, ಅವಳಿಗೂ ಇದೇ ಸುಳ್ಳು ಹೇಳುತ್ತಾನೆ. ಕೂತೆ. ಪರದೆ ಬೆಳಗಿತು. ಸಾಲಿನ ಕೊನೆಯಲ್ಲೊಬ್ಬಳು ಕುಳ್ಳಗಿನ ಮುದುಕಿ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದಳು. ಹಣೆ ಒರೆಸಿದಳು. ಸುತ್ತ ನೋಡಿದಳು. ಪೆಟ್ಟಿಗೆಗಳ ಹಿಂದೆ ಕೂತಳು.

ಎರಡು ನಿಮಿಷ. ಮೂರು. ನಾಲ್ಕು ದಾಟಿತು.

"ಒತ್ತು," ಎಂದ ಪವನ್, ನನ್ನ ಬೆನ್ನ ಹಿಂದೆ ನಿಂತು.

"ಒತ್ತಲ್ಲ."

"ಬೇವರ್ಸಿ ಮುಂಡೆ, ಅನ್ನ ಹಾಕಿದ ಮನೆಗೆ ಎದುರಾಡ್ತೀಯಾ? ಒತ್ತೇ!"

ಕೈ ಚಾಚಿದ. ನಾನು ಮೌಸನ್ನು ಎಳೆದೆ, ವೈರು ಕಿತ್ತು ಬಂತು. ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದೆ.

"ಬಾ, ಕಿತ್ಕ. ಮೈ ಮುಟ್ಟಿ ನೋಡಾ, ನಿಮ್ಮಪ್ಪಂಗೆ ಹುಟ್ಟಿದ್ರೆ!"

ಅವನು ಹಿಂದೆ ಸರಿದ. ಹುಡುಗಿಯರೆಲ್ಲ ತಿರುಗಿ ನೋಡುತ್ತಿದ್ದರು. ನನ್ನ ಸಾಲು ಪಕ್ಕದ ಪರದೆಯಲ್ಲೂ ತೆರೆಯುತ್ತದೆ ಎಂಬುದು ಅವನಿಗೆ ನೆನಪಾಗಿರಬೇಕು.

"ಭೂಮಿಕಾ, ನೀನ್ ಒತ್ತು. ಇಲ್ಲಾಂದ್ರೆ ಇಬ್ರೂ ಈಗ್ಲೇ ಮನೆಗೆ ನಡೀರಿ."

ಭೂಮಿಕಾ ನನ್ನ ಸಾಲು ತೆರೆದಳು. ಅಲ್ಲಿ ಮುದುಕಿ ಒಂದು ಬೂಟು ಕಳಚಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು.

"ಬ್ಯಾಡ್ವೇ ತಂಗಿ," ಎಂದೆ.

ಏಳು ನಿಮಿಷ. ಭೂಮಿಕಾಳ ಬೆರಳು ಮೌಸಿನ ಮೇಲಿತ್ತು. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.