ಪೆಡಲಿನ ಮೇಲಿನ ಇಟ್ಟಿಗೆ

“ಪರೀಕ್ಷೆ ಮಾಡಿ ನೋಡಿದೀವಿ. ಬ್ರೇಕೂ ಸರಿ ಇದೆ, ಸಾಫ್ಟ್‌ವೇರೂ ಸರಿ ಇದೆ. ನಿಮ್ಮಣ್ಣ ಹ್ಯಾಂಡ್ ಬ್ರೇಕ್ ಹಾಕ್ದೆ ಇಳಿದಿದಾನೆ, ಅಷ್ಟೇ,” ಎಂದ ಬ್ರೇಕ್ ವಿಭಾಗದ ಮುಖ್ಯಸ್ಥ.

ಪಕ್ಕದಲ್ಲಿದ್ದ ಸಾಫ್ಟ್‌ವೇರ್ ಮುಖ್ಯಸ್ಥ ತಲೆಯಾಡಿಸಿದ. ದಿನಾ ಹಾವು ಮುಂಗುಸಿಯಂತೆ ಕಚ್ಚಾಡುವ ಇಬ್ಬರಿಗೂ ಇವತ್ತು ಎಂಥಾ ಒಗ್ಗಟ್ಟು! ಅವಳಿಗೆ ಮೈ ಉರಿದುಹೋಯಿತು. ಅವಳು ಬ್ರೇಕ್ ವಿಭಾಗದ ಇಂಜಿನಿಯರ್. ಅಣ್ಣ ಇದೇ ಕಾರ್ಖಾನೆಯಲ್ಲಿ ಹೊಸ ಕಾರುಗಳನ್ನು ಓಡಿಸಿ ನೋಡುವ ಡ್ರೈವರ್. ಇಳಿಜಾರಿನಲ್ಲಿ ಅವನು ನಿಲ್ಲಿಸಿ ಇಳಿದಿದ್ದ ಕಾರು, ಹೊಸ ಸಾಫ್ಟ್‌ವೇರ್ ತುಂಬಿಕೊಳ್ಳುತ್ತಿದ್ದಾಗ ತಾನಾಗಿಯೇ ಜಾರಿ, ಅವನ ಕಾಲನ್ನು ಗೋಡೆಗೆ ಒತ್ತಿ ಮುರಿದಿತ್ತು. ತಪ್ಪು ಅವನದೇ ಎಂದಾದರೆ ಕಾಲಿನ ಜೊತೆ ಕೆಲಸವೂ ಹೋದಂತೆ.

“ಹ್ಯಾಂಡ್ ಬ್ರೇಕ್ ಗುಂಡಿ ಒತ್ತೇ ಇಳಿದಿದೀನಿ ಕಣೇ,” ಎಂದು ಆಸ್ಪತ್ರೆಯಲ್ಲಿ ಅವನು ಮತ್ತೆ ಮತ್ತೆ ಹೇಳಿದ್ದ.

“ಆ ಪರೀಕ್ಷೆ ನನ್ನ ಕಣ್ಣೆದುರಿಗೇ ಮಾಡಿ ತೋರ್ಸಿ ಸಾರ್,” ಎಂದಳು.

ಸಾಫ್ಟ್‌ವೇರ್ ಕೋಣೆಯಲ್ಲಿ ಕಾರನ್ನೇ ಬಿಚ್ಚಿ ಹರಡಿದಂತೆ ಮೇಜಿನ ತುಂಬ ವೈರು, ಪೆಟ್ಟಿಗೆ, ಪರದೆ. ಹೊಸ ಸಾಫ್ಟ್‌ವೇರ್ ತುಂಬಿಕೊಳ್ಳಲು ಕಾರಿನ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಹಸಿರು ದೀಪ ಬಂತು. ಹ್ಯಾಂಡ್ ಬ್ರೇಕ್ ಬಿಗಿಯಾಗಿಯೇ ಇತ್ತು.

“ನೋಡಿದ್ಯೇನಮ್ಮಾ?” ಎಂದ ಸಾಫ್ಟ್‌ವೇರ್ ಮುಖ್ಯಸ್ಥ.

ಅವಳು ಬಗ್ಗಿ ಮೇಜಿನಡಿ ನೋಡಿದಳು. ಬ್ರೇಕ್ ಪೆಡಲಿನ ಮೇಲೆ ಒಂದು ಇಟ್ಟಿಗೆ ಕೂತಿತ್ತು.

“ಅದಾ? ಪೆಡಲ್ ಒತ್ತದಿದ್ರೆ ಕಾರು ಸ್ಟಾರ್ಟ್ ಆಗಲ್ವಲ್ಲ. ದಿನವಿಡೀ ಯಾರು ಕಾಲಿಟ್ಕೊಂಡು ಕೂರ್ತಾರೆ?”

“ಇಳಿದು ಹೋದವನ ಕಾಲು ಪೆಡಲ್ ಮೇಲಿರುತ್ತಾ ಸಾರ್?” ಇಟ್ಟಿಗೆಯನ್ನು ಎಳೆದು ಎದೆಗವಚಿಕೊಂಡಳು. “ಈಗ ಮಾಡಿ.”

ಕಂಪ್ಯೂಟರ್ ಆರಿತು, ಹೊತ್ತಿತು. ಮೇಜಿನ ಮೂಲೆಗೆ ಬಿಗಿದಿದ್ದ ಹ್ಯಾಂಡ್ ಬ್ರೇಕ್ ಕಟಕ್ಕೆಂದು ಸಡಿಲಾಯಿತು. ಕೆಂಪು ದೀಪ.

ಅವಳ ಮುಖ್ಯಸ್ಥನೇ ಮುಂದೆ ಬಂದ. “ಸೋಮವಾರದಿಂದ ಕಾರು ಮಾರಾಟಕ್ಕೆ ಹೋಗ್ಬೇಕಮ್ಮ. ಇದನ್ನ ಆಮೇಲೆ ಸರಿ ಮಾಡೋಣ.”

“ನಮ್ಮಣ್ಣ?”

ಅವನು ಕಿಟಕಿಯ ಕಡೆ ನೋಡಿದ.

“ನಾಚಿಕೆ ಆಗಲ್ವಾ ನಿಮಗೆ?” ಅವಳ ಧ್ವನಿ ಹೊರಗಿನ ಕಾರಿಡಾರಿಗೂ ಕೇಳಿಸಿತು. “ಇನ್ನೆಷ್ಟು ಜನರ ಕಾಲು ಬೇಕು?”

“ಕೂಗಾಡ್ಬೇಡ. ಆ ಇಟ್ಟಿಗೆ ಕೊಡಿಲ್ಲಿ,” ಎಂದು ಸಾಫ್ಟ್‌ವೇರ್ ಮುಖ್ಯಸ್ಥ ಕೈ ಚಾಚಿದ.

ಅವಳು ಕೊಡಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತ. ಬೂಟುಗಾಲನ್ನು ಮೇಜಿನಡಿಗೆ ಚಾಚಿ, ಪೆಡಲನ್ನು ಒತ್ತಿ ಹಿಡಿದು, ಪರೀಕ್ಷೆಯನ್ನು ಮತ್ತೆ ಶುರುಮಾಡಿದ. ಹಸಿರು ದೀಪ ಹೊತ್ತಿಕೊಂಡಿತು.