ಕಡಲ ಮನೆಗೆ ಬಂದ ಕರೆ

ಕುರುಗೋಡಿನ ಸೌಂದರ್ಯ ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಏಳು ವರ್ಷ ನರ್ಸ್ ಆಗಿದ್ದಳು. ಬೆನ್ನುನೋವು ಹೆಚ್ಚಾದ ಮೇಲೆ ವಾರ್ಡಿನ ಕೆಲಸ ಬಿಟ್ಟು, ಫೋನಿನಲ್ಲಿ ರೋಗಿಗಳಿಗೆ ಸಲಹೆ ಹೇಳುವ ಕಂಪನಿಯೊಂದನ್ನು ಸೇರಿದಳು. ಲ್ಯಾಪ್‌ಟಾಪ್ ಇದ್ದರೆ ಸಾಕು, ಎಲ್ಲಿ ಕೂತಾದರೂ ಮಾಡುವ ಕೆಲಸ. ಊರಲ್ಲೇ ಕೂತು ನೋಡಿದಳು. ಬೆಳಗಾದರೆ ಮನೆಯ ಮುಂದೆ ಇಂಜೆಕ್ಷನ್ ಚೀಟಿ ಹಿಡಿದವರು, ಬಿಪಿ ನೋಡು ಎನ್ನುವವರು. ಆರು ತಿಂಗಳಾದರೂ ಯಾರ ಪರಿಚಯವೂ ಇಲ್ಲದ ಕಡೆ ಇದ್ದು ಬರುತ್ತೇನೆಂದು ಅವ್ವ ದಾಕ್ಷಾಯಣಮ್ಮನಿಗೆ ಹೇಳಿ, ಉಡುಪಿ ಕಡೆಯ ಒಂದು ಕಡಲೂರಿಗೆ ಬಂದಿದ್ದಳು.

ಆ ಊರಿಗೆ ಜನ ಬರುವುದು ಉದ್ದನೆಯ ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗಿಗಾಗಿ. ದಂಡೆಯ ಮೇಲಿನ ಹೆಂಚಿನ ಮನೆಯೊಂದರಲ್ಲಿ ಅವಳಂತೆ ದೂರದ ಕಂಪನಿಗಳಿಗೆ ದುಡಿಯುವ ಎಂಟು ಮಂದಿ ಕೂಡಿ ಬಾಳುತ್ತಿದ್ದರು. ಕೋಣೆಗಳು ಬೇರೆ, ಅಡುಗೆಮನೆ ಒಂದು, ವೈಫೈ ಒಂದು. ಬೆಳಿಗ್ಗೆ ಅಲೆ, ಮಧ್ಯಾಹ್ನದ ಮೇಲೆ ಕೆಲಸ. ಇಡೀ ದಿನ ಮಾತಾಡಬೇಕಾದ ಸೌಂದರ್ಯಾಳಿಗೆ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಸಿಕ್ಕಿತ್ತು. ಉಳಿದವರೊಂದಿಗೆ ಅವಳದು ಊಟದ ಹೊತ್ತಿನ ಮಾತಷ್ಟೇ.

ಅಕ್ಟೋಬರಿನ ಒಂದು ದಿನ, ಸಂಜೆ ನಾಲ್ಕೂವರೆ. ಕಡಲ ಮೇಲೆ ಗುಡುಗು ಶುರುವಾಗಿತ್ತು. ಕರೆ ಬಂತು.

"ಹಾವು ಕಡದೈತ್ರಿ ಮೇಡಂ. ನಮ್ಮಾಕಿಗೆ. ಗದ್ದ್ಯಾಗ."

ಅವನ ಹೆಸರು ಮಾರೇಶ, ಸಿರುಗುಪ್ಪದವನು. ಹೆಂಡತಿ ಈರಮ್ಮ, ಮಾವ ಮೂಕಪ್ಪ, ಇನ್ನೂ ಹತ್ತು ಜನರ ಜೊತೆ ಕುರುಗೋಡಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹೊಲಕ್ಕೆ ಭತ್ತದ ಕಳೆ ತೆಗೆಯಲು ಬಂದು ನಾಲ್ಕು ದಿನವಾಗಿತ್ತು. ಹಿಮ್ಮಡಿಯ ಮೇಲೆ ಕಚ್ಚಿ ಇಪ್ಪತ್ತು ನಿಮಿಷವಾಗಿದೆ ಎಂದ.

ಕೇಳಬೇಕಾದ ಪ್ರಶ್ನೆಗಳು ಪರದೆಯ ಮೇಲೆ ಪುಸ್ತಕದ ಕನ್ನಡದಲ್ಲಿದ್ದವು. ಮೊದಲನೆಯದನ್ನು ಓದಿದಾಗ ಆ ಕಡೆಯಿಂದ ಏದುಸಿರು ಬಿಟ್ಟರೆ ಬೇರೇನೂ ಕೇಳಲಿಲ್ಲ. ಸೌಂದರ್ಯ ಓದುವುದನ್ನು ನಿಲ್ಲಿಸಿದಳು.

"ಅಣ್ಣಾರ, ನಾನೂ ಕುರುಗೋಡಾಕಿನ ಅದೀನಿ. ನಾ ಕೇಳಿದ್ದಕ್ಕ ಅಷ್ಟ ಹೇಳ್ರಿ. ಈರಮ್ಮಾರು ಮಾತಾಡಾಕತ್ತಾರೇನು?"

"ಮಾತಾಡ್ತಾಳ್ರಿ. ಕಣ್ಣು ಮ್ಯಾಲೆ ಏಳವಲ್ವು ಅಂತಾಳ."

ರೆಪ್ಪೆ ಬಿದ್ದರೆ ವಿಷ ನರಗಳಿಗೆ ಇಳಿಯುತ್ತಿದೆ ಎಂದೇ ಅರ್ಥ. ಮುಂದೆ ಗಂಟಲು, ಆಮೇಲೆ ಉಸಿರು. ಅವಳು ಆಂಬುಲೆನ್ಸಿಗೆ ಕರೆ ಜೋಡಿಸಿದಳು. ಹಳ್ಳ ತುಂಬಿ ಸಿರುಗುಪ್ಪದ ರಸ್ತೆ ಮುಚ್ಚಿದೆ, ಸುತ್ತಿ ಬರಲು ಒಂದೂಕಾಲು ತಾಸು ಬೇಕು ಎಂದರು. ಅಷ್ಟು ಹೊತ್ತು ಈರಮ್ಮನಿಗೆ ಇರಲಿಲ್ಲ.

ಹಿಂದೆ ಮುದುಕನೊಬ್ಬನ ದನಿ ಕೇಳುತ್ತಿತ್ತು. ಅದು ಮೂಕಪ್ಪ. ಪಕ್ಕದ ಹಳ್ಳಿಯಲ್ಲಿ ಬೇರು ಅರೆದು ಕೊಡುವವನಿದ್ದಾನೆ, ಮೊದಲು ಕಾಲಿಗೆ ಹಗ್ಗ ಬಿಗಿದು ಅಲ್ಲಿಗೆ ನಡೆಯಿರಿ ಎನ್ನುತ್ತಿದ್ದ. ಸೌಂದರ್ಯ ಅವನ ಕೈಗೆ ಫೋನ್ ಕೊಡಿಸಿದಳು. ಹಗ್ಗ ಕಟ್ಟಿದರೆ ಕಾಲು ಹೋಗುತ್ತದೆ, ಬೇರಿಗೆ ಹೋದರೆ ಹೊತ್ತು ಹೋಗುತ್ತದೆ ಎಂದು ಹೇಳಿದಳು. ಮುದುಕ ತಿರುಗಿ ಕೇಳಿದ:

"ನೀ ಯಾರ ಮಗಳವ್ವಾ?"

ಸ್ವಂತದ ವಿವರ ಹೇಳುವುದು ಕಂಪನಿಯ ನಿಯಮಕ್ಕೆ ವಿರುದ್ಧ. ಆದರೂ ಸೌಂದರ್ಯ ಹೇಳಿದಳು: "ಕುರುಗೋಡು ಹಾಲಸಿದ್ದಪ್ಪನ ಮಗಳು, ತಾತಾ. ಬೀಜದ ಅಂಗಡಿ ಹಾಲಸಿದ್ದಪ್ಪ. ಈರಮ್ಮ ನಮ್ಮ ಅಕ್ಕ ಆಗಿದ್ರೂ ನಾ ಇದನ್ನ ಹೇಳ್ತಿದ್ದೆ."

ಆ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ. ಅಪ್ಪನ ಹೆಸರಿಟ್ಟು ಮಾತಾಡಿದ್ದು ಅವನಿಗೆ ಸಾಕಾಗಿರಬೇಕು. ಫೋನ್ ಮಾರೇಶನ ಕೈಗೆ ಬಂತು.

ಅವರ ಜೊತೆಯ ವಾಲ್ಮೀಕಿ ಎಂಬವನ ಬಳಿ ಬೈಕ್ ಇತ್ತು. ಅದರಲ್ಲೇ ಕುರುಗೋಡಿನ ಆಸ್ಪತ್ರೆಗೆ ಹೊರಡಿ ಎಂದಳು ಸೌಂದರ್ಯ. ಕಾಲು ಅಲುಗಾಡದಂತೆ ಕೋಲಿಟ್ಟು ಟವೆಲ್ ಸುತ್ತಿ, ಈರಮ್ಮನನ್ನು ನಡುವೆ ಕೂರಿಸಿ ಮಾರೇಶ ಹಿಂದಿನಿಂದ ತಬ್ಬಿಕೊಂಡ. ಸ್ಪೀಕರ್ ಹಾಕಿದ ಫೋನ್ ಅಂಗಿಯ ಜೇಬಿನಲ್ಲಿ. ಕುರುಗೋಡಿನ ರಸ್ತೆಯ ಮೇಲೂ ನೀರಿದ್ದುದರಿಂದ ಕಾಲುವೆ ದಂಡೆಯ ಮಣ್ಣುದಾರಿ ಹಿಡಿಯಲು ಸೌಂದರ್ಯ ಹೇಳಿದಳು. ಉಸಿರಿನ ಬಲ ಎಷ್ಟು ಉಳಿದಿದೆಯೆಂದು ತಿಳಿಯಲು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸುವಂತೆ ಈರಮ್ಮನಿಗೆ ಹೇಳಿಸಿದಳು. ಅವರ ಮನೆಮಾತು ತೆಲುಗು. ಒಕಟಿ, ರೆಂಡು, ಮೂಡು ಎಂದು ದಣಿದ ದನಿ ಹದಿನೆಂಟರವರೆಗೆ ಬಂದು ನಿಂತಿತು.

ಪರದೆಯ ಮೂಲೆಯಲ್ಲಿ ಮೇಲಧಿಕಾರಿ ವಿಜಯಕುಮಾರನ ಸಂದೇಶ ಬಂದಿತ್ತು. ಹನ್ನೆರಡು ನಿಮಿಷ ದಾಟಿದೆ, ಆಂಬುಲೆನ್ಸಿನವರಿಗೆ ಒಪ್ಪಿಸಿ ಕರೆ ಮುಗಿಸಿ ಎಂದಿತ್ತು. ಮುಗಿಸುವುದಿಲ್ಲ ಎಂದು ಬರೆದಳು. ಕುರುಗೋಡಿನ ಸರ್ಕಾರಿ ಆಸ್ಪತ್ರೆಗೆ ಫೋನ್ ಮಾಡಿ, ವಿಷಕ್ಕೆ ಕೊಡುವ ಇಂಜೆಕ್ಷನ್ ಸಿದ್ಧವಿಡಲು ಹೇಳಿ ಎಂದೂ ಬರೆದಳು. ಉತ್ತರ ಬರುವ ಮೊದಲೇ ತಲೆಯ ಮೇಲೆ ಸಿಡಿಲು ಬಡಿದಂತಾಗಿ ಕರೆಂಟ್ ಹೋಯಿತು. ವೈಫೈ ಡಬ್ಬಿಯ ದೀಪ ಆರಿತು.

ಪರದೆಯ ಮೇಲೆ ತೊಂಬತ್ತು ಸೆಕೆಂಡಿನ ಎಣಿಕೆ ಶುರುವಾಯಿತು. ಅಷ್ಟರಲ್ಲಿ ಮತ್ತೆ ಜೋಡಿಸದಿದ್ದರೆ ಕರೆ ಕಡಿದುಹೋಗುತ್ತದೆ. ಕರೆ ಮಾಡಿದವರ ನಂಬರು ಅವಳಿಗೆ ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಮಹಡಿಯ ಬಾಲ್ಕನಿಯಲ್ಲಿ ಮಾತ್ರ, ಅದೂ ಅವಳ ಸಿಮ್ಮಿಗಲ್ಲ, ಬೇರೆಯವರ ಫೋನಿಗೆ. ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಬೆನ್ನಿನಲ್ಲಿ ಚಳುಕು ಎದ್ದಿತು.

ಬಾಲ್ಕನಿಯಲ್ಲಿ ಹೈದರಾಬಾದಿನ ಮೀನಾ ತನ್ನ ಫೋನಿನಲ್ಲಿ ಗಿರಾಕಿಯೊಬ್ಬರಿಗೆ ಜಾಹೀರಾತಿನ ಚಿತ್ರಗಳನ್ನು ತೋರಿಸುತ್ತಿದ್ದಳು. ಮೂರು ವಾರದಿಂದ ನಿದ್ದೆಗೆಟ್ಟು ಬರೆದ ಚಿತ್ರಗಳು. ಹೆಂಗಸೊಬ್ಬಳು ಸಾಯುತ್ತಿದ್ದಾಳೆ, ನಿಮ್ಮ ನೆಟ್ ಬೇಕು ಎಂದು ಸೌಂದರ್ಯ ಹರಕುಮುರುಕು ಹಿಂದಿಯಲ್ಲಿ ಹೇಳಿದಳು. ಮೀನಾ ಅವಳ ಮುಖ ನೋಡಿದಳು. ಗಿರಾಕಿಗೆ ಒಂದು ಮಾತೂ ಹೇಳದೆ ಕರೆ ಕತ್ತರಿಸಿ, ಫೋನಿನ ಹಾಟ್‌ಸ್ಪಾಟ್ ತೆರೆದಳು. ಪಾಸ್‌ವರ್ಡ್ ಒತ್ತುವಾಗ ಸೌಂದರ್ಯಾಳ ಬೆರಳು ಎರಡು ಸಲ ತಪ್ಪಿತು. ಹನ್ನೊಂದು ಸೆಕೆಂಡ್ ಉಳಿದಾಗ ಬೈಕಿನ ಸದ್ದು ಮತ್ತೆ ಕೇಳಿತು.

"ಅಕ್ಕಾರ, ಎಲ್ಲಿಗೆ ಹೋಗಿದ್ರಿ? ಇಲ್ಲೆ ಎರಡು ದಾರಿ ಅದಾವು. ಯಾವ ಕಡೆ?"

ಮಳೆ ಓರೆಯಾಗಿ ಒಳಗೆ ನುಗ್ಗುತ್ತಿತ್ತು. ಮನೆಯ ಇಬ್ಬರು ಗೋಡೆಗೆ ಒರಗಿಸಿದ್ದ ಸರ್ಫಿಂಗ್ ಹಲಗೆ ತಂದು ಅವಳ ತಲೆಯ ಮೇಲೆ, ಲ್ಯಾಪ್‌ಟಾಪಿನ ಮೇಲೆ ಅಡ್ಡ ಹಿಡಿದರು. ನೆಟ್ ಹಂಚಿಹೋಗದಿರಲೆಂದು ಉಳಿದವರು ತಮ್ಮ ತಮ್ಮ ಫೋನ್ ಆಫ್ ಮಾಡಿ ನಿಂತರು.

ಸೌಂದರ್ಯ ಕಣ್ಣು ಮುಚ್ಚಿದಳು. ಅಪ್ಪನ ಸ್ಕೂಟರಿನ ಹಿಂದೆ, ಬೀಜದ ಚೀಲಕ್ಕೆ ಆತು ಕೂತು ಆ ಕಾಲುವೆ ದಂಡೆಯ ಮೇಲೆ ಹೋದದ್ದು ಹದಿನೈದು ವರ್ಷದ ಹಿಂದೆ.

"ನೀರು ಯಾವ ಕಡೆ ಹರಿಯಾಕತ್ತೈತಿ?"

"ಬಲಕ್ಕ."

"ನೀರಿನ ಕೂಡ ಹೋಗಬ್ಯಾಡ್ರಿ. ಎಡಕ್ಕ ಹೊಳ್ರಿ. ಮುಂದ ಒಂದು ಪಂಪ್ ಮನಿ ಬರಬೇಕು. ಬಂದ ಕೂಡ್ಲೆ ಹೇಳ್ರಿ."

ಪಂಪ್ ಮನೆ ಬರಲಿಲ್ಲ. ಎರಡು ನಿಮಿಷವಾಯಿತು, ಮೂರಾಯಿತು. ತಪ್ಪು ಹೇಳಿದ್ದರೆ ಆ ದಾರಿ ಎಲ್ಲಿ ಮುಗಿಯುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲ. ತಿರುಗಿ ಬರುವಷ್ಟು ಉಸಿರು ಈರಮ್ಮನಿಗೆ ಉಳಿದಿರಲಿಲ್ಲ. ಎಣಿಕೆ ಒಂಬತ್ತಕ್ಕೆ ನಿಂತಿತ್ತು, ಆಮೇಲೆ ಆರಕ್ಕೆ. ತೆಲುಗು ತಿಳಿಯುತ್ತಿದ್ದ ಮೀನಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಬಂತ್ರಿ," ಎಂದ ಮಾರೇಶ. "ಪಂಪ್ ಮನಿ ಬಂತು."

ಆಗಲೇ ವಿಜಯಕುಮಾರನ ಉತ್ತರವೂ ಕಾಣಿಸಿತು. ಆಸ್ಪತ್ರೆಗೆ ಹೇಳಿದ್ದೇನೆ, ಬಾಗಿಲಲ್ಲಿ ಕಾಯುತ್ತಿದ್ದಾರೆ ಎಂದಿತ್ತು. ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಈರಮ್ಮ ಮೂಡು ಎನ್ನಲಾರದೆ ರೆಂಡುವಿಗೇ ನಿಂತಳು. ಆಮೇಲೆ ದನಿಯೇ ಇಲ್ಲ. ಎದೆ ಏರಿಳಿಯುತ್ತಿದೆಯೇ ಎಂದು ಸೌಂದರ್ಯ ಮತ್ತೆ ಮತ್ತೆ ಕೇಳಿದಳು, ಮಾರೇಶ ಹೂಂ, ಹೂಂ ಎಂದ. ಹಾರ್ನ್, ಜನರ ಗದ್ದಲ, ಸ್ಟ್ರೆಚರಿನ ಗಾಲಿ. ಕರೆ ನಿಂತಿತು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಬದುಕಿದಳೇ ಎಂದು ಮೀನಾ ಕೇಳಿದಳು. ಗೊತ್ತಿಲ್ಲ ಎಂದಳು ಸೌಂದರ್ಯ. ಈ ಕೆಲಸದಲ್ಲಿ ಯಾವತ್ತೂ ಗೊತ್ತಾಗುತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವುದಕ್ಕೂ ಬಿಡುತ್ತಿರಲಿಲ್ಲ. ಆದರೆ ಅಂದು ಅವಳು ಮೀನಾಳ ಫೋನಿನಿಂದಲೇ ಅವ್ವನಿಗೆ ಕರೆ ಮಾಡಿದಳು. ದಾಕ್ಷಾಯಣಮ್ಮ ಏಕೆ ಏನು ಎಂದು ಕೇಳದೆ, ಫ್ಲಾಸ್ಕಿಗೆ ಚಹಾ ಹೊಯ್ದುಕೊಂಡು ಆಸ್ಪತ್ರೆಗೆ ನಡೆದಳು. ಒಂದು ತಾಸಿನ ಮೇಲೆ ಸುದ್ದಿ ಬಂತು: ಇಂಜೆಕ್ಷನ್ ಏರಿಸಿದ್ದಾರೆ, ಗಂಟಲಿಗೆ ಕೊಳವೆ ಹಾಕಿ, ಉಸಿರಿನ ಚೀಲ ಒತ್ತುತ್ತ ಬಳ್ಳಾರಿಗೆ ಒಯ್ದಿದ್ದಾರೆ.

ಮೂರು ದಿನ ಈರಮ್ಮ ಯಂತ್ರದ ಉಸಿರಿನಲ್ಲಿದ್ದಳು. ಆ ಮೂರು ದಿನವೂ ಕಡಲ ಮನೆಯ ಎಂಟೂ ಜನ ತಿಂಡಿಗೆ ಕೂತಾಗ ಮೊದಲು ಕೇಳುತ್ತಿದ್ದದ್ದು ಅವಳ ಸಮಾಚಾರ. ಮೀನಾಳ ಗಿರಾಕಿ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರು. ಅದನ್ನು ಅವಳು ತಾನಾಗಿ ಹೇಳಲಿಲ್ಲ, ಸೌಂದರ್ಯಾಳಿಗೆ ಇನ್ನೊಬ್ಬರಿಂದ ತಿಳಿಯಿತು. ಹೋಗಿ ಕೈ ಹಿಡಿದುಕೊಂಡರೆ, ಮೊದಲು ಆ ಹೆಂಗಸು ಕಣ್ಣು ಬಿಡಲಿ ಎಂದಳು ಮೀನಾ.

ಐದನೆಯ ದಿನ ಬಳ್ಳಾರಿಗೇ ಹೋಗಿ ನೋಡಿಬಂದ ಅವ್ವ ಫೋನ್ ಮಾಡಿದಳು. "ಗಂಜಿ ಕುಡದಾಳವ್ವಾ. ಹಿಮ್ಮಡಿ ಗಾಯ ಮಾಯಾಕ ಎರಡು ತಿಂಗಳು ಬೇಕಂತ. ಮೂಕಪ್ಪ ಎಷ್ಟೊತ್ತಾದ್ರೂ ನನ್ನ ಕೈ ಬಿಡ್ಲಿಲ್ಲ."

ಅದೇ ದಿನ ಕಂಪನಿಯಿಂದ ಎಚ್ಚರಿಕೆಯ ಪತ್ರವೂ ಬಂತು. ನಲವತ್ತೇಳು ನಿಮಿಷದ ಕರೆ, ಸ್ವಂತ ವಿವರ ಬಹಿರಂಗ, ಮತ್ತೊಮ್ಮೆ ಹೀಗಾದರೆ ಕೆಲಸವಿಲ್ಲ. ಸೌಂದರ್ಯ ಅದನ್ನು ಎರಡು ಸಲ ಓದಿ ಸಹಿ ಹಾಕಿ ಕಳಿಸಿದಳು. ಹೀಗೆ ಮತ್ತೊಮ್ಮೆ ಆಗುವುದಿಲ್ಲವೆಂದು ಬರೆದುಕೊಡಲು ಕೇಳಿದ್ದರು. ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಎರಡು ಗಂಟೆಗೆ ಕೆಲಸಕ್ಕೆ ಕೂತಾಗ ಮೊದಲ ಕರೆ ಜ್ವರ ಬಂದ ಕೂಸಿನದು. ತಾಯಿ ಅಳುತ್ತಿದ್ದಳು. ಯಾವ ಊರವ್ವಾ ನಿಮ್ಮದು ಎಂದು ಕೇಳಿ, ಸೌಂದರ್ಯ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.